ಇಪ್ಪತ್ತನಾಲ್ಕನೆಯ ದಳ

ತಲೆಯ ಮೇಲೆ ಒಂದೇ ಒಂದು ಕೂದಲಿಲ್ಲದ ಮನುಷ್ಯನನ್ನು ಎಲ್ಲರೂ ‘ಕೂದಲೆಳೆ’ ಎಂದು ಕರೆಯುವುದು ಹೊಸಬರಿಗೆ ಕುಹಕವಾಗಿ ಕಾಣುತ್ತಿತ್ತು. ಆದರೆ ಆ ಹೆಸರು ಬಂದದ್ದು ತಲೆಯಿಂದಲ್ಲ, ಬಾಯಿಂದ. ಅವನು ಲಿಫ್ಟ್ ಮೆಕ್ಯಾನಿಕ್. ರಿಪೇರಿ ಮುಗಿದು ಲಿಫ್ಟು ಮಹಡಿಗೆ ಬಂದು ನಿಂತಾಗ ಅವನು ಮಂಡಿಯೂರಿ ಕೂತು, ಒಳಗಿನ ನೆಲದಿಂದ ಹೊರಗಿನ ನೆಲಕ್ಕೆ ಹೆಬ್ಬೆರಳು ಸವರಿ, “ಇನ್ನೂ ಒಂದು ಕೂದಲೆಳೆ ಮೇಲಿದೆ” ಎನ್ನುತ್ತಿದ್ದ. ಜೊತೆಗಾರರ ಮುಖ ಬಾಡುತ್ತಿತ್ತು. ಮತ್ತೆ ಮೇಲಿನ ಮೋಟಾರ್ ಕೋಣೆಗೆ ಹತ್ತಬೇಕು, ಮತ್ತೆ ಬಿಚ್ಚಬೇಕು, ಮತ್ತೆ ಬಿಗಿಯಬೇಕು.

“ಸಾಕು ಬಿಡಿ ಸಾರ್, ಯಾರೂ ಎಡವಲ್ಲ” ಎಂದು ಕಟ್ಟಡದವರು ಕೈಮುಗಿದರೆ, “ಇವತ್ತು ಎಡವಲ್ಲ” ಎನ್ನುವುದು ಅವನ ಉತ್ತರ.

ಇಂಥವನಿಗೆ ಮರದ ಹುಚ್ಚು ಹಿಡಿದದ್ದು ಒಂಬತ್ತು ವರ್ಷದ ಹಿಂದೆ, ಒಂದು ಹಳೆಯ ಕಟ್ಟಡದ ನಾಲ್ಕನೇ ಮಹಡಿಯಲ್ಲಿ. ಬಾಯಾರಿ ಒಂದು ಮನೆಯ ಬಾಗಿಲು ತಟ್ಟಿ ನೀರು ಕೇಳಿದ. ನೀರು ತಂದುಕೊಟ್ಟ ಹೆಂಗಸಿನ ಹಿಂದೆ, ಗೋಡೆಯ ಹಲಗೆಯ ಮೇಲೆ, ಮುಷ್ಟಿಗಾತ್ರದ ಒಂದು ಮರದ ಡಬ್ಬಿ ಇತ್ತು. ಮುಚ್ಚಳದ ತುಂಬ ಒಂದು ಹೂವು. ಒಂದರ ಪಕ್ಕ ಒಂದು, ಎಲ್ಲ ದಳವೂ ಅಚ್ಚಿನಿಂದ ಒತ್ತಿದಷ್ಟು ಸಮ. ಲೋಟ ಕೈಯಲ್ಲೇ ಉಳಿಯಿತು.

“ಇದನ್ನ ಕೈಯಲ್ಲಿ ಕೆತ್ತಿದ್ದಾ?”

“ಯಾರಿಗೆ ಗೊತ್ತು? ತಾತನ ಕಾಲದ್ದು. ನಾವು ಅದರಲ್ಲಿ ಶರ್ಟಿನ ಗುಂಡಿ ಇಡ್ತೀವಿ” ಎಂದಳು ಆಕೆ.

ಕೈಯಲ್ಲಿ ಕೆತ್ತಿದ್ದಲ್ಲ ಎಂಬುದು ಅವನಿಗೆ ಆಮೇಲೆ, ಹತ್ತಾರು ಜನರನ್ನು ಪೀಡಿಸಿದ ಮೇಲೆ ತಿಳಿಯಿತು. ಸಾಮಾನ್ಯ ಕಡೆತದಲ್ಲಿ ಮರ ಗಿರಗಿರ ತಿರುಗುತ್ತದೆ, ಉಳಿ ಒಂದೆಡೆ ನಿಲ್ಲುತ್ತದೆ. ಈ ಹೂವಿನ ಕೆಲಸದಲ್ಲಿ ಎಲ್ಲ ತಿರುಗುಮುರುಗು. ಮರ ನಿಂತಿರುತ್ತದೆ, ತಿರುಗುವುದು ರೂಟರ್ ಎನ್ನುವ ಯಂತ್ರದ ತುದಿಯಲ್ಲಿರುವ ಪುಟ್ಟ ಅಲಗು. ಒಂದು ದಳ ಕೊರೆದಾದ ಮೇಲೆ ಮರವನ್ನು ಅಳತೆಯಷ್ಟು ಮಾತ್ರ ತಿರುಗಿಸಿ, ಗೂಟ ಸಿಕ್ಕಿಸಿ, ಮುಂದಿನ ದಳ ಕೊರೆಯಬೇಕು. ಲಿಫ್ಟು ಮಹಡಿಯಿಂದ ಮಹಡಿಗೆ ನಿಂತು ನಿಂತು ಹೋದಂತೆ ಮರ ದಳದಿಂದ ದಳಕ್ಕೆ ನಿಂತು ನಿಂತು ಹೋಗುತ್ತದೆ. ಇದು ತನಗೆಂದೇ ಹುಟ್ಟಿದ ಕೆಲಸ ಎಂದು ಕೂದಲೆಳೆಗೆ ಅನ್ನಿಸಿಬಿಟ್ಟಿತು.

ಅಡುಗೆಮನೆಯ ಹಿಂದೆ ಬಟ್ಟೆ ಒಗೆಯುವ ಒಂದು ಕೋಣೆಯಿತ್ತು. ವಾಷಿಂಗ್ ಮೆಷಿನ್ನನ್ನು ಅಲ್ಲಿಂದ ಅಡುಗೆಮನೆಯ ಮೂಲೆಗೆ ಗಡೀಪಾರು ಮಾಡಿ ಆ ಜಾಗ ಹಿಡಿದ. ಯಾರೋ ಕಿತ್ತೆಸೆದ ಮನೆಬಾಗಿಲೊಂದನ್ನು ಎರಡು ಕಬ್ಬಿಣದ ಸ್ಟ್ಯಾಂಡಿನ ಮೇಲೆ ಅಡ್ಡ ಮಲಗಿಸಿದ. ಅದೇ ಕೆಲಸದ ಮೇಜು, ಚಿಲಕ ಇನ್ನೂ ಅದರಲ್ಲೇ ಇತ್ತು. ಯಾವುದೋ ಡ್ರಾಯರು ಜಾರುತ್ತಿದ್ದ ಎರಡು ಲೋಹದ ಚಾನೆಲ್ ಮೇಲೆ ರೂಟರ್ ಕೂರಿಸಿದ. ಕೈಹಿಡಿ ತಿರುಗಿಸಿದರೆ ಅದು ಮುಂದೆ ಹೋಗುತ್ತಿತ್ತು, ಹಿಂದೆ ಬರುತ್ತಿತ್ತು. ಮರವನ್ನು ಅಳತೆಯಷ್ಟು ತಿರುಗಿಸುವುದಕ್ಕೆ ಹಳೆಯ ಸೈಕಲ್ಲಿನ ನಲವತ್ತೆಂಟು ಹಲ್ಲಿನ ಚಕ್ರ. ಎರಡೆರಡು ಹಲ್ಲಿಗೆ ಒಂದು ದಳ, ಒಟ್ಟು ಇಪ್ಪತ್ತನಾಲ್ಕು.

ಆ ಯಂತ್ರದಿಂದ ಎಂಟು ವರ್ಷದಲ್ಲಿ ಡಬ್ಬಿಗಳು ಒಂದರ ಹಿಂದೆ ಒಂದು ಹೊರಬಿದ್ದವು. ನೆಂಟರ ಮನೆಯಲ್ಲೆಲ್ಲ ಒಂದೊಂದು. ಎಲ್ಲವೂ ಚಂದ, ಆದರೆ ಎಲ್ಲದರಲ್ಲೂ ಒಂದು ಐಬು. ಇಪ್ಪತ್ತಮೂರು ದಳ ಸಮ, ಇಪ್ಪತ್ತನಾಲ್ಕನೆಯದು ದಪ್ಪ. ನೆಮ್ಮದಿಯಾಗಿ ಕೂತಿದ್ದವರ ಸಾಲಿನ ಕೊನೆಯಲ್ಲಿ ಒಬ್ಬ ದಢೂತಿ ಬಂದು ತುರುಕಿಕೊಂಡ ಹಾಗೆ.

“ಭಾವ, ಇದು ನಿಮ್ಮ ಸಹಿ ಇದ್ದ ಹಾಗೆ. ಕಳ್ಳರು ಕದ್ದರೂ ಪತ್ತೆ ಹಚ್ಚಬಹುದು” ಎಂದು ಬಾಮೈದ ಹಲ್ಲು ಬಿಡುತ್ತಿದ್ದ. ಲಿಫ್ಟಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಸಹಿಸದವನ ಮನೆಯಲ್ಲೇ ಅಂಥ ದಪ್ಪ ದಳ! ಅವನಿಗೆ ಅದು ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನ ಹಾಗೆ ಹಗಲೆಲ್ಲ ಕಾಡುತ್ತಿತ್ತು.

ಹೆಂಡತಿ ಗ್ರಂಥಾಲಯದ ಕೌಂಟರಿನಲ್ಲಿ ಕೆಲಸ ಮಾಡುತ್ತಿದ್ದಳು. ಒಂದು ಸಂಜೆ ಬಂದವಳೇ ಚೀಲದಿಂದ ಒಂದು ಅರ್ಜಿ ತೆಗೆದು ಮೇಜಿನ ಮೇಲಿಟ್ಟಳು.

“ನಮ್ಮ ಹಾಲ್‌ನಲ್ಲಿ ಕೈಕೆಲಸದ ಪ್ರದರ್ಶನ ಇಡ್ತಾರಂತೆ, ಇನ್ನು ಆರು ವಾರಕ್ಕೆ. ನಿಮ್ಮದೂ ಒಂದು ಡಬ್ಬಿ ಇಡಿ.”

“ಯಾವುದನ್ನ ಇಡ್ಲಿ?”

“ಯಾವುದಾದ್ರೂ. ಈ ಮನೇಲಿ ಮೂವತ್ತೊಂದು ಡಬ್ಬಿ ಇದಾವೆ, ಮುಚ್ಚಳ ತೆಗೆದರೆ ಒಂದರಲ್ಲೂ ಏನೂ ಇಲ್ಲ. ಒಂದಾದ್ರೂ ಹೊರಗೆ ಹೋಗಲಿ.”

“ದಪ್ಪ ದಳ ಇಟ್ಕೊಂಡು ನಾಲ್ಕು ಜನರ ಮುಂದೆ ಹೋಗೋದಾ? ಆಗಲ್ಲ. ಮೊದಲು ಯಂತ್ರ ಸರಿ ಹೋಗಬೇಕು.”

“ಮೊನ್ನೆ ತಾನೇ ಸರಿ ಮಾಡಿದ್ರಲ್ಲ?”

“ಅದು ರಿಪೇರಿ. ಇದು ಬೇರೆ. ಪೂರ್ತಿ ಬದಲಾಯಿಸ್ತೀನಿ” ಎಂದ. ಹೆಂಡತಿ ಹಣೆ ಚಚ್ಚಿಕೊಂಡು ಒಳಗೆ ಹೋದಳು.

ಅವನ ಲೆಕ್ಕದಲ್ಲಿ ಆರೋಪಿಗಳು ಮೂವರು. ಮೊದಲನೆಯದು ಸೈಕಲ್ ಚಕ್ರ: ಅದರ ಒಂದು ಹಲ್ಲು ಸವೆದಿತ್ತು. ಎರಡನೆಯದು ಡ್ರಾಯರ್ ಚಾನೆಲ್: ಹಿಡಿದು ಅಲ್ಲಾಡಿಸಿದರೆ ಮುದುಕನ ಹಲ್ಲಿನ ಹಾಗೆ ಲೊಡಲೊಡ. ಮೂರನೆಯದು ರೂಟರ್: ಶುರುವಾದರೆ ಜಲ್ಲಿ ಕ್ರಷರ್ ಮನೆಯೊಳಗೆ ಬಂದಂತೆ ಸದ್ದು, ಜೊತೆಗೆ ನಡುಕ.

ಚಕ್ರದ ಕೆಲಸ ಬೇಗ ಆಯಿತು. ಲಿಫ್ಟ್ ಬಿಡಿಭಾಗ ಮಾಡಿಕೊಡುವ ಟರ್ನರ್ ಒಬ್ಬನ ಬೆನ್ನು ಬಿದ್ದು, ತೊಂಬತ್ತಾರು ತೂತಿನ ಅಲ್ಯೂಮಿನಿಯಂ ತಟ್ಟೆಯೊಂದನ್ನು ಮಾಡಿಸಿಕೊಂಡ. ನಾಲ್ಕು ತೂತಿಗೆ ಒಂದು ದಳ. ತಂದ ದಿನ ಅದನ್ನು ಊಟದ ಮೇಜಿನ ಮೇಲಿಟ್ಟು ತೂತುಗಳನ್ನು ಎಣಿಸಿದ, ಹೆಂಡತಿಯ ಕೈಯಲ್ಲೂ ಎಣಿಸಿದ. ಅವಳಿಗೆ ತೊಂಬತ್ತೈದು ಬಂತು. ಅವನು ತಟ್ಟೆಯನ್ನು ಕಸಿದುಕೊಂಡ. ಮತ್ತೆ ಎಣಿಸಿದಾಗ ಒಂದು ತೂತಿನ ಮೇಲೆ ಅನ್ನದ ಅಗುಳು ಕೂತಿದ್ದು ಕಂಡಿತು.

ಚಾನೆಲ್ಲಿನ ಬದಲಿಗೆ ಹಳಿಗಳು ಸಿಕ್ಕಿದ್ದು ಬಾಮೈದನಿಂದ. ಅವನದು ಬ್ಯಾನರ್ ಮುದ್ರಿಸುವ ಅಂಗಡಿ. ಹಳೆಯ ದೊಡ್ಡ ಮುದ್ರಣ ಯಂತ್ರವೊಂದು ಕೆಟ್ಟು ಮೂಲೆ ಸೇರಿತ್ತು. ಅದರ ಹೊಟ್ಟೆಯೊಳಗೆ, ಶಾಯಿಯ ಡಬ್ಬ ಓಡಾಡುತ್ತಿದ್ದ ದಾರಿಯಲ್ಲಿ, ಎರಡು ಉಕ್ಕಿನ ಹಳಿ. ಅದರ ಮೇಲಿನ ಗಾಡಿಯನ್ನು ಕೂದಲೆಳೆ ಒಂದು ಬೆರಳಿಂದ ತಳ್ಳಿದ. ಎಣ್ಣೆಯ ಮೇಲೆ ಜಾರಿದ ಹಾಗೆ ಅದು ಈ ತುದಿಯಿಂದ ಆ ತುದಿಗೆ ಸದ್ದಿಲ್ಲದೆ ಹೋಯಿತು. ಮತ್ತೆ ತಳ್ಳಿದ. ಮತ್ತೆ.

“ಭಾವ, ಆಟ ಸಾಕು, ಅಂಗಡಿ ಮುಚ್ಚಬೇಕು.”

“ಇದನ್ನ ಬಿಚ್ಚಿಕೊಡು.”

“ಬಿಚ್ಚಿಕೊಳ್ಳಿ. ಆದ್ರೆ ಒಂದು ಮಾತು, ಇನ್ನೂ ಒಂದು ಡಬ್ಬಿ ಮಾತ್ರ ನನಗೆ ಕೊಡಬೇಡಿ.”

ಹಳಿ ಒಂದೊಂದೂ ಆಳಿಗಿಂತ ಉದ್ದ. ಇಬ್ಬರೂ ಹೆಗಲ ಮೇಲೆ ಹೊತ್ತು ಬೀದಿಯುದ್ದಕ್ಕೂ ನಡೆದರು. ಮುಂದೆ ಬಾಮೈದ, ಹಿಂದೆ ಭಾವ. ತಿರುವಿನಲ್ಲಿ ಬಾಮೈದ ಎಡಕ್ಕೆ ತಿರುಗಿದಾಗ ಹಳಿಯ ಹಿಂತುದಿ ಬಲಕ್ಕೆ ಹೋಗಿ ಪಕ್ಕದ ಮನೆಯ ಒಣಹಾಕಿದ ಬಟ್ಟೆಗೆ ಸಿಕ್ಕಿತು. ಮನೆ ತಲುಪಿದಾಗ ಹಳಿಯ ತುದಿಯಲ್ಲಿ ಯಾರದೋ ಬನಿಯನ್ನು ಬಾವುಟದಂತೆ ಹಾರಾಡುತ್ತಿತ್ತು.

ಅಳತೆಗೆ ಕತ್ತರಿಸಲು ಹ್ಯಾಕ್ಸಾ ಹಿಡಿದು ಕೂತ ಕೂದಲೆಳೆಗೆ ಆ ಉಕ್ಕು ಎಂಥದೆಂದು ಹತ್ತು ನಿಮಿಷದಲ್ಲಿ ಗೊತ್ತಾಯಿತು. ಹಳಿಯ ಮೇಲೆ ಗೀರು ಕೂಡ ಬೀಳಲಿಲ್ಲ. ಬ್ಲೇಡಿನ ಹಲ್ಲುಗಳೆಲ್ಲ ಉದುರಿ ಅದು ಅಡಿಗೋಲಿನಷ್ಟು ನುಣುಪಾಯಿತು. ಕೊನೆಗೆ ತಿರುಗುವ ಕಲ್ಲಿನ ಚಕ್ರ ಹಾಕಿ, ಕಿಡಿ ಹಾರಿಸಿ, ನಾಲ್ಕು ತುಂಡು ಮಾಡಿದ. ಎರಡು ಮೇಜಿಗೆ ಹೋದವು. ಉಳಿದೆರಡು ಮಂಚದ ಕೆಳಗೆ.

ಮೂರನೆಯದು ರೂಟರ್. ಈ ಸುದ್ದಿ ಹೇಗೋ ಮೇಲಿನ ಮನೆಯಾಕೆಯ ಕಿವಿಗೆ ಬಿತ್ತು. ಮೆಟ್ಟಿಲ ಬಳಿ ಹಿಡಿದು ನಿಲ್ಲಿಸಿದಳು.

“ರೂಟರ್ ಬದಲಾಯಿಸ್ತಿದೀರಂತೆ? ಹಳೇದು ನಮಗೆ ಕೊಡಿ. ನಮ್ಮ ರೂಮಲ್ಲಿ ಏನೂ ಸರಿಯಾಗಿ ಬರಲ್ಲ.”

“ಕೊಡಬಹುದು. ಆದ್ರೆ ನಾಲ್ಕೂವರೆ ಕೆಜಿ ಇದೆ.”

“ಅಷ್ಟು ದೊಡ್ಡದಾ! ಸ್ಪೀಡ್ ಹೇಗಿದೆ?”

“ನಿಮಿಷಕ್ಕೆ ಇಪ್ಪತ್ತಮೂರು ಸಾವಿರ.”

ಆಕೆಯ ಕಣ್ಣು ಅಗಲವಾಯಿತು. “ಮತ್ತೆ ಯಾಕೆ ಬದಲಾಯಿಸ್ತೀರಿ?”

“ನಡುಕ ಜಾಸ್ತಿ. ಮರ ಸುಟ್ಟುಹೋಗುತ್ತೆ” ಎಂದ ಅವನು ಗಂಭೀರವಾಗಿ. ಆಕೆ ಒಂದು ಮೆಟ್ಟಿಲು ಹಿಂದೆ ಸರಿದಳು. ಮಾರನೆಯ ದಿನ ಆಕೆಯ ಗಂಡ ಕೆಳಗಿಳಿದು ಬಂದು, ನಿಮ್ಮ ಮನೆಯ ಇಂಟರ್ನೆಟ್ಟಿನಿಂದ ಕಟ್ಟಡಕ್ಕೇನೂ ಅಪಾಯ ಇಲ್ಲ ತಾನೇ ಎಂದು ವಿಚಾರಿಸಿಕೊಂಡು ಹೋದ.

ಹೊಸ ರೂಟರ್ ಮುಷ್ಟಿಯಷ್ಟೇ ದಪ್ಪ, ವೇಗ ಹೆಚ್ಚು ಕಡಿಮೆ ಮಾಡುವ ಗುಂಡಿಯಿತ್ತು, ದುಂಬಿಯಂತೆ ಗುಂಯ್ಯೆನ್ನುತ್ತಿತ್ತು. ನಾಲ್ಕನೆಯ ಭಾನುವಾರ ಎಲ್ಲ ಜೋಡಿಸಿ ಮುಗಿಯಿತು. ಹಳಿಯ ಮೇಲೆ ಗಾಡಿ, ಗಾಡಿಯ ಮೇಲೆ ರೂಟರ್, ಎದುರಿಗೆ ಮರವನ್ನು ಕಚ್ಚಿಕೊಳ್ಳುವ ಕಬ್ಬಿಣದ ಹಿಡಿ, ಅದರಲ್ಲಿ ಹಣ್ಣಿನ ಮರದ ಮುಚ್ಚಳ. ಅವನು ಗೂಟ ಎಳೆದ, ತಟ್ಟೆ ತಿರುಗಿಸಿದ, ಗೂಟ ಬಿಟ್ಟ, ಕೈಹಿಡಿ ತಿರುಗಿಸಿದ. ದಳದ ಮೈ ಗಾಜಿನಂತೆ ಹೊಳೆಯಿತು. ಹಿಂದೆಲ್ಲ ಇರುತ್ತಿದ್ದ ಗೀರು ಒಂದೂ ಇಲ್ಲ. ಐದು, ಹತ್ತು, ಹದಿನೈದು. ಇಪ್ಪತ್ತಮೂರೂ ಸಮ. ಇಪ್ಪತ್ತನಾಲ್ಕನೆಯದನ್ನೂ ಕೊರೆದು, ಪುಡಿ ಊದಿ, ನೋಡಿದ.

ದಪ್ಪ.

ಅವನು ಸ್ಟೂಲಿನ ಮೇಲೆ ಕುಸಿದು ಕೂತ. ಅಳತೆ ಹಿಡಿದ: ಅರ್ಧ ಮಿಲಿಮೀಟರ್, ಹಿಂದಿನಷ್ಟೇ. ಚಕ್ರ ಹೊಸದು, ಹಳಿ ಹೊಸದು, ರೂಟರ್ ಹೊಸದು. ದಪ್ಪ ದಳ ಮಾತ್ರ ಹಳೆಯದೇ.

ಮೆಕ್ಯಾನಿಕ್ಕಿನ ಬುದ್ಧಿ ಅಷ್ಟಕ್ಕೆ ಬಿಡಲಿಲ್ಲ. ಬೇರೆ ತೂತಿನಿಂದ ಶುರುಮಾಡಿ ನೋಡಿದ. ದಪ್ಪ ದಳ ಜಾಗ ಬದಲಿಸಿತು, ಆದರೆ ಆಗಲೂ ಅದೇ ಕೊನೆಯದು. ಹನ್ನೆರಡೇ ದಳದ ಹೂವು ಕೊರೆದ, ಹನ್ನೆರಡನೆಯದು ದಪ್ಪ. ಮೂವತ್ತೆರಡು ಕೊರೆದ; ಮೂವತ್ತೆರಡನೆಯದು ದಪ್ಪ. ಊಟಕ್ಕೆ ಕೂತಾಗ ಹೆಂಡತಿಯನ್ನು ಕೇಳಿಯೇಬಿಟ್ಟ.

“ಕೊನೇ ದಳ ಯಾವುದು ಅಂತ ಯಂತ್ರಕ್ಕೆ ಹೇಗೆ ಗೊತ್ತಾಗುತ್ತೆ?”

“ನೀವೇ ಹೇಳಿರ್ತೀರಿ” ಎಂದಳು ಅವಳು, ತಟ್ಟೆಯಿಂದ ಕಣ್ಣೆತ್ತದೆ.

ಇಲ್ಲಿ ಅತ್ತೆಯ ವಿಷಯ ಹೇಳಬೇಕು. ಹೆಂಡತಿಯ ತಾಯಿ ನಾಲ್ಕು ವರ್ಷದಿಂದ ಇವರ ಜೊತೆಗೇ ಇದ್ದರು. ಎಂಬತ್ತೊಂದು ವರ್ಷ, ಕಡ್ಡಿಯಂಥ ದೇಹ, ಚೂರಿಯಂಥ ಕಣ್ಣು. ಬಟ್ಟೆ ಗಿರಣಿಯ ಮಗ್ಗದ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದು ಕಿವಿಯನ್ನು ಅಲ್ಲೇ ಬಿಟ್ಟು ಬಂದಿದ್ದರು. ಕಿವಿಗೊಂದು ಯಂತ್ರ ಕೊಡಿಸಿದ್ದರು. ಅದು ಕಿವಿಯಲ್ಲಿದ್ದದ್ದಕ್ಕಿಂತ ಸೆರಗಿನ ಗಂಟಿನಲ್ಲಿದ್ದದ್ದೇ ಹೆಚ್ಚು. ಮಧ್ಯಾಹ್ನದ ಬಿಸಿಲು ಆ ಮನೆಗೆ ಬೀಳುತ್ತಿದ್ದದ್ದು ಕೂದಲೆಳೆಯ ಕೆಲಸದ ಕೋಣೆಗೆ ಮಾತ್ರ. ಹಾಗಾಗಿ ಭಾನುವಾರ ಊಟವಾದ ಮೇಲೆ ಅತ್ತೆ ಅಲ್ಲೇ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ರೂಟರ್ ಎಷ್ಟು ಅರಚಿದರೂ ಅವರ ರೆಪ್ಪೆ ಅಲುಗುತ್ತಿರಲಿಲ್ಲ.

ಕೇಳಿಸುವುದಿಲ್ಲವಲ್ಲ ಎಂಬ ಧೈರ್ಯದಲ್ಲಿ ಕೂದಲೆಳೆ ಅವರೆದುರೇ ಗೊಣಗುತ್ತಿದ್ದ. “ಇವರಿಗೆ ಕೂರೋಕೆ ಬೇರೆ ಜಾಗವೇ ಸಿಗಲಿಲ್ವಾ? ಬಿಸಿಲೆಲ್ಲ ಇವರಿಗೇ ಬೇಕಾ?” ಅತ್ತೆ ನಗುತ್ತಿದ್ದರು. ಇವನೂ ನಗುತ್ತಿದ್ದ. ಮನೆಯಲ್ಲಿ ಅತ್ತೆ-ಅಳಿಯನ ಸಾಮರಸ್ಯ ಎಷ್ಟು ಚೆನ್ನಾಗಿದೆ ಎಂದು ಹೆಂಡತಿಗೆ ಸಮಾಧಾನ.

ಐದನೆಯ ಭಾನುವಾರ ಅವನು ಒಂಬತ್ತನೆಯ ಮುಚ್ಚಳ ಹಾಳುಮಾಡಿ ಹತ್ತನೆಯದನ್ನು ಕಚ್ಚಿಸುತ್ತಿದ್ದಾಗ ಅತ್ತೆ ಎದ್ದುಬಂದರು. ಏನೂ ಹೇಳದೆ ಬಲ ಅಂಗೈಯನ್ನು ಚಪ್ಪಟೆಯಾಗಿ ಮೇಜಿನ ಮೇಲಿಟ್ಟರು, ಮಗುವಿನ ಎದೆಯ ಮೇಲೆ ಕೈಯಿಟ್ಟು ಕಫ ಇದೆಯೇ ಎಂದು ನೋಡುವ ಹಾಗೆ.

“ನೀವು ನಡೆಸಿ ಅಳಿಯಂದ್ರೇ.”

ಅವನು ಕೊರೆಯುತ್ತ ಹೋದ. ಅತ್ತೆಯ ಕೈ ಮೇಜಿನ ಮೇಲೆ, ಕಣ್ಣು ಅವನ ಮೇಲೆ. ಇಪ್ಪತ್ತು, ಇಪ್ಪತ್ತೊಂದು. ಕೊನೆಯ ದಳಕ್ಕೆ ಗೂಟ ಬಿಟ್ಟು ಕೈಹಿಡಿ ತಿರುಗಿಸಿದ್ದಷ್ಟೇ, ಅತ್ತೆ ಅವನ ಮೊಣಕೈ ಹಿಡಿದರು.

“ಹೊಟ್ಟೆ.”

ಅವನು ರೂಟರ್ ನಿಲ್ಲಿಸಿದ. “ಹಸಿವಾಯ್ತಾ ಅತ್ತೆ? ಈಗ ತಾನೇ ಊಟ ಮಾಡಿದ್ರಲ್ಲ?”

“ನನ್ನ ಹೊಟ್ಟೆ ಅಲ್ಲ, ನಿಮ್ಮ ಹೊಟ್ಟೆ. ಎಲ್ಲಿದೆ ನೋಡಿಕೊಳ್ಳಿ.”

ಅವನು ಕೆಳಗೆ ನೋಡಿಕೊಂಡ. ಹೊಟ್ಟೆ ಮೇಜಿನ ಮೇಲೆ ಆರಾಮವಾಗಿ ಒರಗಿಕೊಂಡಿತ್ತು.

“ಇಪ್ಪತ್ತಮೂರು ಸಲ ನೆಟ್ಟಗೆ ನಿಂತಿರ್ತೀರಿ. ಕೊನೇದು ಬಂದ ಕೂಡಲೇ ಇಣುಕಿ ನೋಡೋ ಆತುರ. ಮೈಭಾರ ಎಲ್ಲ ಮೇಜಿನ ಮೇಲೆ ಬಿಡ್ತೀರಿ. ಹಲಗೆ ತಗ್ಗುತ್ತೆ, ಅಲಗು ಆಳಕ್ಕಿಳಿಯುತ್ತೆ. ನನ್ನ ಕೈಗೆ ಗೊತ್ತಾಯ್ತು. ಗಿರಣೀಲಿ ಮಗ್ಗದ ಕಾಯಿಲೇನ ನಾವು ಕಿವಿಯಿಂದ ಕಂಡುಹಿಡೀತಿರಲಿಲ್ಲ, ಕೈಯಿಂದ.”

ಕೂದಲೆಳೆಗೆ ಅವಮಾನ ಮೊದಲು ಬಂತು, ನಂಬಿಕೆ ಬರಲಿಲ್ಲ. “ಹೊಟ್ಟೆಯಿಂದ ಅರ್ಧ ಮಿಲಿಮೀಟರ್ ಆಗುತ್ತಾ?” ಎಂದು ತನ್ನಷ್ಟಕ್ಕೇ ತುಟಿ ಆಡಿಸಿದ. “ಇವರಿಗೇನು ಗೊತ್ತು, ಸುಮ್ಮನೆ ಮೂಗು ತೂರಿಸೋದು.”

“ಮೂಗಲ್ಲ, ಕೈ ತೂರಿಸಿದ್ದು” ಎಂದರು ಅತ್ತೆ.

ಅವನು ಬೆಚ್ಚಿದ. ಕಿವಿಯ ಯಂತ್ರ ಸೆರಗಿನ ಗಂಟಿನಲ್ಲೇ ಇತ್ತು.

“ಮುನ್ನೂರು ಮಗ್ಗ ಒಟ್ಟಿಗೆ ಬಡಿಯೋವಾಗ ಯಾರ ಮಾತು ಯಾರಿಗೆ ಕೇಳುತ್ತೆ? ನಾವೆಲ್ಲ ತುಟಿ ನೋಡಿಕೊಂಡೇ ಹರಟೆ ಹೊಡೀತಿದ್ದದ್ದು.”

“ಅಂದ್ರೆ... ಇಷ್ಟು ದಿನ...”

“ನಾಲ್ಕು ವರ್ಷ” ಎಂದರು ಅತ್ತೆ. “ಬಿಸಿಲಿನ ವಿಷಯ ಸುಮಾರು ಸಲ ಹೇಳಿದೀರಿ. ‘ಎಮ್ಮೆ’ ಅಂತ ಒಂದೇ ಸಲ.”

ಅವನ ಬೋಳುತಲೆ ಕೆಂಪಗಾಯಿತು. ನೆಲ ಬಿರಿದಿದ್ದರೆ ಒಳಗೆ ಇಳಿದುಬಿಡುತ್ತಿದ್ದ. ಏನು ಮಾಡಲೂ ತೋಚದೆ ಹೆಂಡತಿಯನ್ನು ಕೂಗಿದ. ಮೂವರೂ ಸೇರಿ ಪರೀಕ್ಷೆ ಮಾಡಿದರು. ಹೊಸ ಮುಚ್ಚಳ ಕಚ್ಚಿಸಿ ಅವನು ನಿಂತ. ಹೆಂಡತಿ ಹಿಂದಿನಿಂದ ಅವನ ಬೆಲ್ಟು ಹಿಡಿದು, ಹಟಮಾರಿ ಕರುವನ್ನು ಜಗ್ಗುವ ಹಾಗೆ ಜಗ್ಗಿ ನಿಂತಳು. ಇಪ್ಪತ್ತನಾಲ್ಕನೆಯ ದಳ ಬಂದಾಗ ಅವನ ದೇಹ ತಾನಾಗಿಯೇ ಮುಂದೆ ವಾಲಿದ್ದು ಅವನಿಗೇ ಗೊತ್ತಾಯಿತು. ಬೆಲ್ಟು ಬಿಗಿಯಾಯಿತು. ಹೊಟ್ಟೆ ಗಾಳಿಯಲ್ಲೇ ಉಳಿಯಿತು.

ಪುಡಿ ಊದಿ ಅಳತೆ ಹಿಡಿದ. ಒಂದೊಂದೇ ದಳಕ್ಕೆ ಇಟ್ಟು ನೋಡಿದ. ಇಪ್ಪತ್ತನಾಲ್ಕೂ ಒಂದೇ ಸಮ, ಕೂದಲೆಳೆಯ ವ್ಯತ್ಯಾಸವೂ ಇಲ್ಲ.

ಹೆಂಡತಿ ಬೆಲ್ಟು ಬಿಟ್ಟು ನೆಲದ ಮೇಲೆ ಕೂತು ನಕ್ಕಳು. ನಕ್ಕೂ ನಕ್ಕೂ ಅವಳ ಕಣ್ಣಲ್ಲಿ ನೀರು ಬಂತು. “ಎಂಟು ವರ್ಷ! ಎಂಟು ವರ್ಷ ಎಲ್ಲರ ಮನೇಲೂ ನಿಮ್ಮ ಹೊಟ್ಟೆ ಇದೆ!” ಮೊದಲು ಸಿಟ್ಟಿನಿಂದ ಮುಖ ತಿರುಗಿಸಿದ ಕೂದಲೆಳೆ, ಆಮೇಲೆ ಗೋಡೆ ಹಿಡಿದುಕೊಂಡು ತಾನೂ ನಕ್ಕ. ಬಾಮೈದನಿಗೆ ಹೇಳಕೂಡದು ಎಂದು ಇಬ್ಬರಿಂದಲೂ ಮಾತು ತೆಗೆದುಕೊಂಡ. ಸಂಜೆ ಆರರೊಳಗೆ ಬಾಮೈದ ಫೋನ್ ಮಾಡಿ, “ಭಾವ, ಹೊಟ್ಟೆ ಚೆನ್ನಾಗಿದೆಯಾ?” ಎಂದು ವಿಚಾರಿಸಿದ.

ಮೇಜಿನ ನಡುವಿಗೆ ಒಂದು ಕಬ್ಬಿಣದ ಕಾಲು ಕೊಟ್ಟದ್ದೂ, ಗೋಡೆಗೆ ಬೋಲ್ಟು ಹಾಕಿ ಬಿಗಿದದ್ದೂ ಆಯಿತು. ಆದರೂ ಕೂದಲೆಳೆಗೆ ತನ್ನ ಮೈಮೇಲೆ ನಂಬಿಕೆ ಹೋಗಿತ್ತು. ಕೊನೆಯ ದಳ ಬಂತೆಂದರೆ ರೂಟರ್ ನಿಲ್ಲಿಸಿ ಹೊಟ್ಟೆ ಎಲ್ಲಿದೆ ಎಂದು ನೋಡಿಕೊಳ್ಳುತ್ತಿದ್ದ. ಪ್ರದರ್ಶನಕ್ಕೆ ಇನ್ನು ಒಂದೇ ವಾರ.

“ಕೊನೇದೊಂದು ನಾನು ಕೊರೀಲಾ?” ಎಂದರು ಅತ್ತೆ.

ಅವನು ಹಿಂದುಮುಂದು ನೋಡಿದ. ಈ ಯಂತ್ರವನ್ನು ಅವನು ಬೇರೆಯವರ ಕೈಗೆ ಕೊಟ್ಟವನಲ್ಲ. ಬಾಮೈದ ಧೂಳು ಒರೆಸಿದರೂ ಸಿಡುಕುತ್ತಿದ್ದ. ಆದರೆ ನಾಲ್ಕು ವರ್ಷದ ಗೊಣಗಾಟದ ಋಣ ತಲೆಯ ಮೇಲಿತ್ತು. ಸರಿದು ಜಾಗ ಬಿಟ್ಟ. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಣ್ಣಿಗೆ ಅವನ ದಪ್ಪ ಕನ್ನಡಕ ಹಾಕಿಕೊಂಡು, ಎಡಗೈ ಮೇಜಿನ ಮೇಲೆ ಹಗುರವಾಗಿಟ್ಟು, ಬಲಗೈಯಿಂದ ಕೈಹಿಡಿ ತಿರುಗಿಸಿದರು. ಅವಸರವಿಲ್ಲ, ತಡವರಿಕೆಯಿಲ್ಲ. ದಾರದುಂಡೆಯಿಂದ ನೂಲು ಬಿಚ್ಚಿಕೊಂಡ ಹಾಗೆ ಅಲಗು ಹೋಯಿತು, ಬಂತು. ಕೂದಲೆಳೆ ಪಕ್ಕದಲ್ಲೇ ನಿಂತು ನೋಡಿದ. ಮೂವತ್ತೊಂದು ವರ್ಷ ದುಡಿದ ಕೈ, ಇಪ್ಪತ್ತು ವರ್ಷದಿಂದ ಮಡಿಲಲ್ಲಿ ಸುಮ್ಮನೆ ಬಿದ್ದಿದ್ದ ಕೈ, ಅಲ್ಲಿ ಎಚ್ಚರವಾದದ್ದು ಅವನಿಗೆ ಕಾಣಿಸಿತು. ಅತ್ತೆಯ ಮುಖವನ್ನು ಅವನು ಹಾಗೆ ಹಿಂದೆಂದೂ ನೋಡಿರಲಿಲ್ಲ.

“ಇನ್ನೊಂದು ಮುಚ್ಚಳ ಇದೆಯಾ?” ಎಂದರು ಅವರು. “ಮೊದಲಿಂದ ನಾನೇ ಮಾಡ್ತೀನಿ.”

ಆ ವಾರ ಕೂದಲೆಳೆ ಕೆಲಸದಿಂದ ಮನೆಗೆ ಬಂದಾಗಲೆಲ್ಲ ಹಿಂದಿನ ಕೋಣೆಯಿಂದ ದುಂಬಿಯ ಸದ್ದು ಕೇಳುತ್ತಿತ್ತು. ಬೂಟು ಬಿಚ್ಚಿ, ಕಾಫಿ ಕುಡಿದು, ಕೆಮ್ಮಿ, ಬಾಗಿಲಲ್ಲಿ ನಿಂತು ಕಾಯುತ್ತಿದ್ದ. ಕಾದು ಕಾದು ಆ ಕುರ್ಚಿಯಲ್ಲೇ ಕೂರುತ್ತಿದ್ದ. ಸಂಜೆಯ ಹೊತ್ತಿಗೆ ಅಲ್ಲಿ ಬಿಸಿಲೂ ಇರುತ್ತಿರಲಿಲ್ಲ.

ಪ್ರದರ್ಶನದ ದಿನ ಗ್ರಂಥಾಲಯದ ಹಾಲಿನಲ್ಲಿ ಕಸೂತಿ, ಬುಟ್ಟಿ, ಮಣ್ಣಿನ ಹೂಜಿ, ಬೆಂಕಿಕಡ್ಡಿಯಲ್ಲಿ ಕಟ್ಟಿದ ಸೇತುವೆ, ಎಲ್ಲ ಇದ್ದವು. ಮರದ ಮೇಜಿನ ಮೇಲೆ ಎರಡು ಡಬ್ಬಿ ಅಕ್ಕಪಕ್ಕ. ಒಂದು ಅವನದು, ಇನ್ನೊಂದು ಅತ್ತೆಯದು. ಅರ್ಜಿಯಲ್ಲಿ ಎರಡನೆಯ ಹೆಸರನ್ನು ಹೆಂಡತಿ ತಾನೇ ಸೇರಿಸಿದ್ದಳು. ಅವನ ಹೂವು ತಪ್ಪಿಲ್ಲದ ಹೂವು. ಅತ್ತೆಯದರಲ್ಲಿ ದಳಗಳು ನೇಯ್ಗೆಯ ಹಾಗೆ ಒಂದರಡಿ ಒಂದು ನುಸುಳಿ ಮೇಲೆದ್ದಿದ್ದವು. ಒಂದು ಸುತ್ತು ಕೊರೆದು, ತಟ್ಟೆಯನ್ನು ಎರಡು ತೂತು ಸರಿಸಿ, ಸ್ವಲ್ಪ ಆಳ ಕಡಿಮೆ ಮಾಡಿ ಮತ್ತೊಂದು ಸುತ್ತು ಕೊರೆದರೆ ಹಾಗಾಗುತ್ತದೆ ಎಂಬುದು ಎಂಟು ವರ್ಷದಲ್ಲಿ ಅವನಿಗೆ ಹೊಳೆದಿರಲಿಲ್ಲ.

ಜನ ಎರಡನ್ನೂ ನೋಡುತ್ತಿದ್ದರು, ಎರಡನೆಯದನ್ನು ಕೈಗೆತ್ತಿಕೊಳ್ಳುತ್ತಿದ್ದರು. ಕುರ್ಚಿ-ಮಂಚದ ಕಾಲು ಕಡೆಯುವ ಒಬ್ಬ ಹಳೆಯ ಕಸುಬುದಾರ ಬಂದ. ಮೂಗಿನ ಕೆಳಗೆ ಪೊರಕೆಯಂಥ ಮೀಸೆ. ಅತ್ತೆಯ ಡಬ್ಬಿ ಎತ್ತಿ, ಕಣ್ಣಿನ ಹತ್ತಿರ ಹಿಡಿದು, ತಿರುಗಿಸಿ, ಕೂದಲೆಳೆಯ ಕಡೆ ನೋಡಿದ.

“ಇದು ನಿಮ್ಮದಾ?”

ಹೌದು ಎನ್ನುವ ಮಾತು ಅವನ ನಾಲಿಗೆಯ ತುದಿವರೆಗೂ ಬಂದಿತ್ತು. ಯಂತ್ರ ತನ್ನದಲ್ಲವೇ? ಹಳಿ ಹೊತ್ತವನು ತಾನಲ್ಲವೇ?

“ಅಲ್ಲ. ನಮ್ಮ ಅತ್ತೆಯವರದ್ದು. ನನ್ನದು ಪಕ್ಕದ್ದು.”

ಕಸುಬುದಾರ ಪಕ್ಕದ್ದನ್ನೂ ನೋಡಿ, “ಇದೂ ಪರವಾಗಿಲ್ಲ” ಎಂದು, ಅತ್ತೆಯ ಕಡೆ ತಿರುಗಿದ. ಬಗ್ಗಿ ಗೌರವದಿಂದ ಕೇಳಿದ: “ಎಷ್ಟು ವರ್ಷದ ಅಭ್ಯಾಸ ಅಮ್ಮಾ?”

ಅಷ್ಟು ದೊಡ್ಡ ಮೀಸೆಯ ಹಿಂದೆ ತುಟಿ ಎಲ್ಲಿದೆಯೋ ಅತ್ತೆಗೆ ಕಾಣಲಿಲ್ಲ. ಈ ವಯಸ್ಸಿನವರನ್ನು ಜನ ಸಾಮಾನ್ಯವಾಗಿ ಕೇಳುವ ಪ್ರಶ್ನೆಯೇ ಇರಬೇಕೆಂದುಕೊಂಡು ಹೆಮ್ಮೆಯಿಂದ ಹೇಳಿದರು:

“ಎಂಬತ್ತೊಂದು.”

ಕಸುಬುದಾರ ಡಬ್ಬಿಯನ್ನು ಎರಡೂ ಕೈಯಿಂದ ಹಿಡಿದು ಮೆಲ್ಲಗೆ ಕೆಳಗಿಟ್ಟ. ಕೂದಲೆಳೆ ಕೆಮ್ಮು ಬಂದವನ ಹಾಗೆ ಬೆಂಕಿಕಡ್ಡಿಯ ಸೇತುವೆಯ ಕಡೆ ತಿರುಗಿಕೊಂಡ.

ಪ್ರದರ್ಶನ ಮುಗಿದ ಮೇಲೂ ಯಂತ್ರದ ಗುಂಯ್‌ಗುಡುವಿಕೆ ನಿಲ್ಲಲಿಲ್ಲ. ಹಗಲು ಅತ್ತೆಯದು, ಸಂಜೆ ಅವನದು, ಭಾನುವಾರ ಯಾರು ಮೊದಲು ಎದ್ದರೋ ಅವರದು ಎಂದು ಹೆಂಡತಿ ರಾಜಿ ಮಾಡಿಸಿದ್ದಳು. ಅತ್ತೆ ಐದು ಗಂಟೆಗೇ ಏಳುತ್ತಿದ್ದರು.

ಒಂದು ಸಂಜೆ ಅವನು ಕೋಣೆಗೆ ಕಾಲಿಟ್ಟವನು ಅಲ್ಲೇ ನಿಂತ. ತಾನು ಅಳತೆ ನೋಡಿ ನೋಡಿ ಮಾಡಿದ್ದ ಕೈಹಿಡಿ ಮೇಜಿನ ಮೂಲೆಯಲ್ಲಿ ಬಿದ್ದಿತ್ತು. ಅದರ ಜಾಗದಲ್ಲಿ ಹಳೆಯ ಹೊಲಿಗೆ ಮೆಷಿನ್ನಿನ ಉದ್ದನೆಯ ಕೈಹಿಡಿ ಕೂತಿತ್ತು, ಮುಷ್ಟಿಯಲ್ಲಿ ಹಿಡಿಯುವ ಮರದ ಗುಬುಟಿನ ಸಮೇತ.

“ಯಾರು ಇದನ್ನ ಮುಟ್ಟಿದ್ದು?”

“ನಿಮ್ಮ ಬಾಮೈದನ ಹತ್ತಿರ ಹಾಕಿಸಿದೆ” ಎಂದರು ಬಾಗಿಲಲ್ಲಿ ಅವನ ಮುಖವನ್ನೇ ನೋಡುತ್ತ ನಿಂತಿದ್ದ ಅತ್ತೆ. “ಅದು ತೀರಾ ಗಿಡ್ಡ. ಮಣಿಕಟ್ಟು ನೋಯುತ್ತೆ.”

“ನನ್ನನ್ನ ಒಂದು ಮಾತು ಕೇಳಬಾರದಿತ್ತಾ?”

“ಕೇಳಿದ್ರೆ ಆರು ವಾರ ಆಗ್ತಿತ್ತು.”

ಅವನು ಗುರುಗುಟ್ಟುತ್ತ ಸ್ಪ್ಯಾನರ್ ತೆಗೆದ, ಬಿಚ್ಚಿಹಾಕುವುದಕ್ಕೆಂದೇ. ಬಿಚ್ಚುವ ಮೊದಲು, ಸುಮ್ಮನೆ, ಒಂದು ಸುತ್ತು ತಿರುಗಿಸಿ ನೋಡಿದ. ಗಾಡಿ ಹಳಿಯ ಮೇಲೆ ಒಂದು ಚೂರೂ ಎಳೆಯದೆ ಹೋಯಿತು. ಇನ್ನೊಂದು ಸುತ್ತು ತಿರುಗಿಸಿದ. ಸ್ಪ್ಯಾನರನ್ನು ಮೇಜಿನ ಮೇಲಿಟ್ಟು, ಹಿಡಿಗೆ ಒಂದು ತುಂಡು ಮರ ಕಚ್ಚಿಸಿ, ರೂಟರ್ ಶುರು ಮಾಡಿದ.

“ಹೇಗಿದೆ?” ಎಂದರು ಅತ್ತೆ.

“ಗುಬುಟಿಗೆ ಸ್ವಲ್ಪ ಎಣ್ಣೆ ಬೇಕು” ಎಂದ ಕೂದಲೆಳೆ. ಅತ್ತೆ ಎಣ್ಣೆ ತರಲು ಒಳಗೆ ಹೋದರು.